ಹರಿಪುರದ ತಿಗಣೆ

ಮಿರಜಿನಲ್ಲಿ ನನ್ನ ಮನೆ ಎಷ್ಟು ಸ್ವಚ್ಛ ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳಲೇಬೇಕಾಗಿದೆ. ದಿನಕ್ಕೆರಡು ಸಲ ನೆಲ ಒರೆಸುವವಳು ನಾನು. ಅಂಥ ಮನೆಯಲ್ಲಿ, ಹಾಡಹಗಲಲ್ಲಿ, ಆಗಷ್ಟೇ ಹಾಕಿದ ಬಿಳಿ ದಿಂಬಿನ ಚೀಲದ ಮೇಲೆ ಒಂದು ತಿಗಣೆ, ಊಟ ಮುಗಿಸಿದ ಬೀಗರ ಹಾಗೆ ನಿಧಾನವಾಗಿ ನಡೆದು ಹೋಗುತ್ತಿತ್ತು!

ನಾನು ಕಿರುಚಿದ್ದಕ್ಕೆ ನಮ್ಮವರು ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಓಡಿ ಬಂದರು.

“ಏನಾತು?”

“ತಗಣಿ! ನಿಮ್ಮ ತಂಗಿ ತಂದ ತಗಣಿ!”

ಹಿಂದಿನ ತಿಂಗಳು ಕೃಷ್ಣೆಗೆ ಮಹಾಪೂರ ಬಂದು ಹರಿಪುರದ ಮನೆಗೆ ನೀರು ಹೊಕ್ಕಾಗ ನಾದಿನಿ ಪ್ರಣಿತಾ, ಅವಳ ಗಂಡ ಓಂಕಾರ ನಮ್ಮಲ್ಲಿ ಒಂಬತ್ತು ದಿನ ಇದ್ದರು. ನಾನೇನು ಬೇಡ ಅಂದೆನೇ? ನಮ್ಮ ಮಂಚವನ್ನೇ ಅವರಿಗೆ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಮಲಗಿದೆ. ಬಿಸಿ ಭಾಕರಿ ಬಡಿದು ಹಾಕಿದೆ. ಆ ಅನ್ನದಾನಕ್ಕೆ ಸಂದ ಪುಣ್ಯ ಈಗ ದಿಂಬಿನ ಮೇಲೆ ಹರಿದಾಡುತ್ತಿತ್ತು.

“ಹರಿಪುರದ್ದಂತ ನಿನಗ ಹೆಂಗ ಗೊತ್ತಾತು? ಅದರ ಹಣಿ ಮ್ಯಾಲ ಊರಿನ ಹೆಸರ ಬರದೈತೇನ?” ಎಂದರು ನಮ್ಮವರು. (ತಂಗಿಯ ಮಾತು ಬಂದರೆ ಮಾತ್ರ ಇವರಿಗೆ ಬಾಯಿ ಬರುತ್ತದೆ.)

ಅಂದಿನಿಂದ ಮಹಾಯುದ್ಧ. ಪೇಟೆಯಿಂದ ಔಷಧಿ ತಂದು ಹೊಡೆದೆ. ನನಗೆ ಇಪ್ಪತ್ತು ಸೀನು ಬಂದವು, ಅವಕ್ಕೆ ಒಂದೂ ಬರಲಿಲ್ಲ. ಬೇವಿನ ಸೊಪ್ಪು ಹಾಸಿದೆ. ಅವು ಅದರ ನೆರಳಲ್ಲಿ ವಿಶ್ರಾಂತಿ ಪಡೆದವು. ಗಾದಿಗಳನ್ನೆಲ್ಲ ಮಾಳಿಗೆಯ ಬಿಸಿಲಿಗೆ ಹೊತ್ತು ಹಾಕಿಸಿದೆ. ಔಷಧಿ ಹೊಡೆಯುವ ಮಂದಿಯನ್ನು ಕರೆಸೋಣವೆಂದರೆ ಅವರ ಗಾಡಿ ಬಾಗಿಲಲ್ಲಿ ನಿಂತಿದ್ದನ್ನು ಇಡೀ ಓಣಿ ನೋಡುತ್ತದೆ. ಮರ್ಯಾದೆ ಏನಾಗಬೇಕು?

“ಮಂಚ ಬಿಚ್ಚಿ ಸಂದಿಗೆಲ್ಲಾ ಕುದಿಯೂ ನೀರ ಹಾಕೂಣಲ್ಲ?” ಎಂದು ನಮ್ಮವರು ಮೆಲ್ಲಗೆ ಅಂದರು.

“ನನ್ನ ತವರಿನ ಸಾಗವಾನಿ ಮಂಚಕ್ಕ ಪಾನಾ ಹಚ್ಚಿ ನಟ್ಟು ಬಿಚ್ಚತೀರಿ? ಅದನ್ನ ಮುಟ್ಟಿದ್ರ ನೋಡ್ರಿ!”

ನಾಲ್ಕು ದಿನಕ್ಕೆ ದಿಂಬಿನ ಮೇಲೆ ಮತ್ತೆ ಎರಡು ಕಂಡವು. ಇನ್ನು ತಡೆಯುವುದು ಸಾಧ್ಯವಿರಲಿಲ್ಲ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಬಯ್ಗುಳಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡು, ಸಾಂಗ್ಲಿಗೆ ಬಸ್ಸು, ಅಲ್ಲಿಂದ ರಿಕ್ಷಾ ಹಿಡಿದು ಹರಿಪುರ ಮುಟ್ಟಿದೆ.

ಪ್ರಣಿತಾಳ ಅಂಗಳ ನೋಡಿದವಳಿಗೆ ಎದೆ ಉಬ್ಬಿತು. ಗಾದಿ, ಚಾದರ, ದಿಂಬು ಎಲ್ಲ ಬಿಸಿಲಿಗೆ ಬಿದ್ದಿವೆ! ಮೂಲೆಯ ಒಲೆಯ ಮೇಲೆ ಹಂಡೆಯಲ್ಲಿ ಬಟ್ಟೆ ಕುದಿಯುತ್ತಿವೆ! ಸಿಕ್ಕಳು ಕಳ್ಳಿ ಎಂದುಕೊಂಡೆ.

“ಏನ್ ಪ್ರಣಿತಾ, ಇದೇನ?”

“ಏನ್ ಹೇಳ್ಲಿ ವೈನಿ,” ಎಂದು ಅವಳು ಸೀರೆ ಮೇಲಕ್ಕೆ ಸಿಕ್ಕಿಸಿದಳು. “ನೀವು ಬ್ಯಾಸರಾ ಮಾಡ್ಕೋತೀರಿ ಅಂತ ಸುಮ್ಮನಿದ್ದೆ. ನಿಮ್ಮನಿಯಿಂದ ಬಂದ ಮ್ಯಾಲ ಬಟ್ಟಿ ಚೀಲದಾಗಿಂದ ತಗಣಿ ಹೊಂಟಾವ್ರಿ.”

“ನಮ್ಮನಿಯಿಂದ? ನೀವ ತಂದು ನಮ್ಮನ್ಯಾಗ ಬಿಟ್ಟೀರಿ!”

“ನಾವು ಏನ್ ತಂದಿದ್ವಿ ವೈನಿ? ಉಟ್ಟ ಬಟ್ಟಿ ಮ್ಯಾಲ ಬಂದಿದ್ವಿ. ಅವೂ ತೊಯ್ದು ತೊಪ್ಪಿ ಆಗಿದ್ವು, ನೀವ ಹಿಂಡಿ ಹಾಕಿದ್ರಿ. ಚೀಲಾ ನಿಮ್ಮದು, ಅದರಾಗಿನ ಬಟ್ಟಿ ನೀವ ಕೊಟ್ಟದ್ದು. ಈ ಗಾದಿ ನೋಡ್ರಿ, ಹೊಸಾವು. ಹಳೇವೆಲ್ಲಾ ಪೂರದಾಗ ಹೋದ್ವು.”

ನನ್ನ ಸಾಲಾದ ಬಯ್ಗುಳಗಳು ಚೆಲ್ಲಾಪಿಲ್ಲಿಯಾದವು. ಸಾಕ್ಷಿ ಬೇಕೆಂದು ನಮ್ಮವರಿಗೆ ಫೋನ್ ಹಚ್ಚಿ, ಅವಳಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. (ಈ ಬುದ್ಧಿ ನನಗೆ ಯಾರು ಕೊಟ್ಟರೋ.)

“ಏನ್ರಿ, ಇಕಿ ಬರೂಕಿಂತ ಮೊದಲ ನಮ್ಮನ್ಯಾಗ ತಗಣಿ ಇದ್ವೇನು? ಖರೇ ಹೇಳ್ರಿ.”

ಆ ಕಡೆ ಕೆಮ್ಮು. “ನನಗ ಯುಗಾದಿಯಿಂದ ಕಡ್ಯಾಕ ಹತ್ಯಾವ.”

“ಮತ್ತ ಸೊಳ್ಳಿ ಅಂತಿದ್ರಿ!”

“ಮಂಚ ನಿನ್ನ ತವರುಮನಿದು. ಅದರಾಗ ತಗಣಿ ಅದಾವ ಅಂತ ಹೇಳಿ ನಾ ಎಲ್ಲಿ ಮಲಗಲಿ? ಹಾಂ, ನೀ ಬಸ್ ಹತ್ತಿದ ಕೂಡ್ಲೆ ಅದನ್ನ ಬಿಚ್ಚೇನಿ. ತಲಿ ಕಡೆ ಹಲಗಿ ಸಂದ್ಯಾಗ ಅವುಗಳದೊಂದು ಮಹಾನಗರಪಾಲಿಕೆನ ಐತಿ, ಮಾರಾಯ್ತಿ!”

ಪ್ರಣಿತಾ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ದಾದಾ, ಇವತ್ತ ಕುದಿಯೂ ನೀರ ಹಾಕು. ತತ್ತಿ ಉಳದಿರ್ತಾವ, ಎರಡ ವಾರಕ್ಕ ಮತ್ತೊಮ್ಮೆ ಹಾಕು. ಅಲ್ಲೀತನಕಾ ವೈನಿ ಇಲ್ಲೇ ಇರ್ತಾರ,” ಎಂದು ನನ್ನನ್ನು ಕೇಳದೆಯೇ ತೀರ್ಪು ಕೊಟ್ಟಳು. ನಮ್ಮವರು ಅನುಮಾನ ಬರುವಷ್ಟು ಬೇಗ ಒಪ್ಪಿಕೊಂಡರು.

ಆಗಲಿ, ಒಳಗೆ ಹೋಗಿ ಕುಳಿತು ಒಂದು ಗುಟುಕು ಚಹಾ ಕುಡಿಯೋಣವೆಂದು ಹೊಸ್ತಿಲ ಕಡೆ ಕಾಲೆತ್ತಿದೆ.

“ವೈನಿ, ಅಲ್ಲೇ ನಿಂದ್ರಿ!”

ನನ್ನ ಚೀಲ ಬಿಸಿಲಿಗೆ ಹೋಯಿತು. ನನ್ನನ್ನು ಹಿತ್ತಲಿನ ಬಚ್ಚಲಿಗೆ ಅಟ್ಟಿದಳು. ಇಳಕಲ್ ಸೀರೆ ಹಂಡೆಗೆ ಬಿತ್ತು. ಅಯ್ಯೋ ಎನ್ನುವುದರೊಳಗೆ ಸೆರಗಿನ ಬಣ್ಣ ಬಿಟ್ಟು ನೀರು ಕೆಂಪಾಯಿತು. ತಲೆಗೂ ನೀರು ಹಾಕಿಕೊಂಡು ಅವಳ ಹೂವಿನ ನೈಟಿ ತೊಟ್ಟು ನಾನು ಅಂಗಳದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಾಗ, ಪಕ್ಕದ ಮನೆಯ ಸಂಗವ್ವ ಗೋಡೆಯ ಮೇಲಿಂದ ಇಣುಕಿದಳು.

“ಯಾರ ಬಂದಾರವಾ ಪ್ರಣಿತಾ?”

“ನಮ್ಮ ವೈನಿ ಕಾಕೂ, ಮಿರಜದವರು,” ಎಂದಳು ಪ್ರಣಿತಾ, ನದಿ ಸಂಗಮದ ದೋಣಿಯವರಿಗೂ ಕೇಳುವಂತೆ. “ಭಾಳ ಸ್ವಚ್ಛದ ಮಂದಿ. ಪಾಪ, ಮನಿತುಂಬ ತಗಣಿ ಆಗ್ಯಾವ!”