ತಳ್ಳಿದರೆ ಹೋಗುತ್ತಿದ್ದ ಗಾಡಿ

ಸೋತ ವಾದ ಎರಡು ದಿನದಲ್ಲಿ ಮರೆತುಹೋಗುತ್ತದೆ. ಗೆದ್ದ ವಾದ ಹಾಗಲ್ಲ, ಮನೆಯಲ್ಲೇ ಉಳಿದುಕೊಂಡು ದಿನಾ ನಮ್ಮ ಜೊತೆ ಊಟಕ್ಕೆ ಕೂರುತ್ತದೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಲ್ಲಿ ಅವ್ವ ಈಗ ಜೀರಿಗೆ, ಸಾಸಿವೆ ತುಂಬಿಟ್ಟಿದ್ದಾಳೆ. ಅವುಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಇರುವುದು ಕುರುಗೋಡಿನ ನಮ್ಮ ಓಣಿಯಲ್ಲಿ, ಗೇಣುದ್ದದ ಒಂದು ವೈರ್ ತುಂಡಿಗಾಗಿ, ಕಪ್ಪಿಲ್ಲದೆ ಗೆದ್ದ ವಾದದ ಬಗ್ಗೆ.

ಅಪ್ಪನದೊಂದು ಹಳೆಯ ಸಣ್ಣ ಡೀಸೆಲ್ ಲಾರಿ. ಸಿರುಗುಪ್ಪದ ರೈಸ್ ಮಿಲ್ಲುಗಳಿಂದ ಬಳ್ಳಾರಿಗೆ ಅಕ್ಕಿ ಚೀಲ ಹೊರುತ್ತದೆ. ಅದನ್ನು ನಿಲ್ಲಿಸಲು ಜಾಗ ಬೇಕೆಂದು ಅಪ್ಪ ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇದ್ದ ಬೇವಿನ ಮರ ಕಡಿಸಿದ. ದೊಡ್ಡಪ್ಪ ದಿನಾ ಅದರ ನೆರಳಲ್ಲಿ ಕೂತು ದಾಡಿ ಮಾಡಿಕೊಳ್ಳುತ್ತಿದ್ದವನು. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟ. ಎಂಟು ವರ್ಷ. ಆದರೆ ಆ ಲಾರಿ ಬಹಳಷ್ಟು ದಿನ ಬೆಳಗ್ಗೆ ತಾನಾಗಿ ಚಾಲೂ ಆಗುತ್ತಿರಲಿಲ್ಲ, ತಳ್ಳಬೇಕಿತ್ತು. ಬೀದಿಯಲ್ಲಿ ಗಾಡಿ ನಿಂತರೆ ಯಾರದೆಂದು ಕೇಳದೆ ಕೈ ಹಚ್ಚುವುದು ನಮ್ಮ ಓಣಿಯ ಪದ್ಧತಿ, ಅದಕ್ಕೆ ಜಗಳ ಅಡ್ಡ ಬರುವುದಿಲ್ಲ. ಹೆಗಲಿಗೆ ಟವಲ್ ಹಾಕಿಕೊಂಡು ಬಂದ ದೊಡ್ಡಪ್ಪ ಲಾರಿಯ ಹಿಂದೆ ನಿಂತು ನನಗೆ ಹೇಳುತ್ತಿದ್ದ: “ಎರಡನೇ ಗೇರಿಗೆ ಹಾಕಂತ ಹೇಳವ್ವಾ ನಿಮ್ಮಪ್ಪಗ.” ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ, “ಹಾಕೀನಂತ ಹೇಳು” ಎನ್ನುತ್ತಿದ್ದ. ಇಬ್ಬರ ಕಿವಿಯೂ ಸರಿಯಾಗಿದೆ. ನಡುವೆ ರಾಯಭಾರಿಯಾಗಿ ನಾನು. ಗಾಡಿ ಚಾಲೂ ಆದ ಮೇಲೆ ಅವ್ವ ತಳ್ಳಿದವರಿಗೆಲ್ಲ ಚಹಾ ಕೊಡುತ್ತಿದ್ದಳು. ದೊಡ್ಡಪ್ಪ ಬೀದಿಯಲ್ಲೇ ನಿಂತು ಕುಡಿದು, ಲೋಟವನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಎಂಟು ವರ್ಷದಲ್ಲಿ ಅಣ್ಣತಮ್ಮಂದಿರ ನಡುವೆ ಉಳಿದಿದ್ದ ಸಂಬಂಧ ಅಷ್ಟೇ.

ಇದನ್ನೆಲ್ಲ ಈಗ ಎಷ್ಟು ತಿಳಿದವಳ ಹಾಗೆ ಬರೆಯುತ್ತಿದ್ದೇನೆ! ಆಗ ನನ್ನ ಕಣ್ಣಿಗೆ ಬಿದ್ದದ್ದು ಮೂಢನಂಬಿಕೆ ಮಾತ್ರ. ಗಾಡಿಗೆ ಬೇವಿನ ಮರದ ಶಾಪ ತಟ್ಟಿದೆ ಎಂದು ಓಣಿಯವರು ಹೇಳುತ್ತಿದ್ದರು. ಹಾಗಾದರೆ ಶಾಪ ಬೇಸಿಗೆಯಲ್ಲಿ ವಾರಕ್ಕೆ ಎರಡೇ ದಿನ ಕೆಲಸ ಮಾಡಿ, ಥಂಡಿಯಲ್ಲಿ ಮಾತ್ರ ದಿನಾ ಹಾಜರಾಗುವುದು ಯಾಕೆ ಎಂದು ನಾನು ಕೇಳಿದೆ. ಉತ್ತರ ಬಾರದಿದ್ದರೆ ಗೆದ್ದೆ ಎಂದುಕೊಳ್ಳುವುದು ನನ್ನ ಹಳೆಯ ರೋಗ. ಅಪ್ಪನ ಜೊತೆಗೂ, ಇಂಜಿನ್ ಬಿಸಿ ಮಾಡುವ ಹೀಟರ್ ಪ್ಲಗ್ಗಿನ ವೈರು ಹೋಗಿರಬೇಕು, ಬದಲಿಸೋಣ ಎಂದು ಒಂದು ವಾರ ವಾದಿಸಿದೆ. ಅವನು ಹೇಳಿದ್ದು ಒಂದೇ ಮಾತು: “ನಾಕು ಮಂದಿ ಕೈ ಹಚ್ಚಿದ್ರ ಹೋಗತೈತಿ. ಹೋಗೋ ಗಾಡಿಗೆ ವೈರ್ ಯಾಕವ್ವ?” ಇದು ತರ್ಕವೇ ಅಲ್ಲ ಎಂದು ನಾನು ತಳ್ಳಿಹಾಕಿದೆ.

ಕೊನೆಗೆ ಬಳ್ಳಾರಿಯಿಂದ ಮೆಕ್ಯಾನಿಕ್ಕನ್ನು ನಾನೇ ಕರೆತಂದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಇರುವುದಿಲ್ಲ, ತಣ್ಣಗಿರುವಾಗ ಒಳಗೆ ಮೊದಲು ಬಿಸಿಯಾಗಬೇಕು, ಆ ಬಿಸಿ ಕೊಡುವುದೇ ಹೀಟರ್ ಪ್ಲಗ್ಗು. ನಮ್ಮ ನಾಲ್ಕೂ ಪ್ಲಗ್ಗು ಸರಿಯಾಗಿಯೇ ಇದ್ದವು, ಅವಕ್ಕೆ ಕರೆಂಟೇ ಮುಟ್ಟುತ್ತಿರಲಿಲ್ಲ. ಇಂಜಿನ್ನಿನ ಕಾವಿಗೆ ವೈರು ಹಪ್ಪಳದಂತೆ ಸುಟ್ಟು, ಒಳಗಿನ ತಂತಿ ಎಳೆಎಳೆಯಾಗಿ ಹರಿದಿತ್ತು. ಮೆಕ್ಯಾನಿಕ್ ಬ್ಯಾಟರಿ ಬಿಚ್ಚಿಟ್ಟು, ಪ್ಲಗ್ಗುಗಳ ತಲೆ ಉಜ್ಜಿ, ಕಾವು ತಡೆಯುವ ದಪ್ಪ ವೈರು ಎಳೆದು ನಟ್ಟು ಬಿಗಿದ. ಇದನ್ನು ಹೋದ ವರ್ಷವೇ ನಿಮ್ಮಪ್ಪಗೆ ಹೇಳಿದ್ದೆನಲ್ಲ ಎಂದೂ ಅಂದ. ಗೊತ್ತಿದ್ದೂ ಅಪ್ಪ ಯಾಕೆ ಹಾಕಿಸಲಿಲ್ಲ ಎಂದು ಅಲ್ಲಾದರೂ ನಾನು ನಿಂತು ಯೋಚಿಸಬೇಕಿತ್ತು. ನಿಲ್ಲದೆ, ಹಳೆಯ ವೈರನ್ನು ಎತ್ತಿ ಹಿಡಿದು, ನೆರೆದ ಓಣಿಗೆ ಭಾಷಣ ಮಾಡಿದೆ. ಇನ್ನು ಮುಂದೆ ಗಾಡಿ ಚಾಲೂ ಆಗದಿದ್ದರೆ ತಳ್ಳುವ ಮೊದಲು ಈ ನಟ್ಟು ನೋಡಿ ಎಂದೆ. ಎರಡು ಪ್ರಶ್ನೆ ಕೇಳಿದವನು ದೊಡ್ಡಪ್ಪ ಒಬ್ಬನೇ. ಎಂಥ ಒಳ್ಳೆಯ ಸಭಿಕ ಎಂದು ಹಿಗ್ಗಿದೆ.

ಮರುದಿನ ದೊಡ್ಡಪ್ಪ ಟವಲ್ ಹಾಕಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಲಾರಿ ತಾನಾಗಿ ಚಾಲೂ ಆಯಿತು. ಅವನು ಹಾಗೇ ತಿರುಗಿ ಒಳಗೆ ಹೋದ. ಅವ್ವ ರೂಢಿಯಂತೆ ಸೋಸಿದ್ದ ಚಹಾ ಆರಿತು. ಆಮೇಲೆ ಅಪ್ಪ ದಿನಾ ದೊಡ್ಡಪ್ಪನ ಬಾಗಿಲ ಮುಂದೆ ಗಾಡಿಯನ್ನು ಸುಮ್ಮನೆ ಗುರುಗುಟ್ಟಿಸುತ್ತ ನಿಲ್ಲಿಸಿಕೊಳ್ಳತೊಡಗಿದ. ಬಾಗಿಲು ತೆರೆಯಲಿಲ್ಲ.

ಎರಡು ತಿಂಗಳು ನೋಡಿ, ಒಂದು ಮುಂಜಾನೆ ಅಪ್ಪ ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ ಆ ನಟ್ಟನ್ನು ನಾನೇ ಸಡಿಲಿಸಿ ವೈರು ಸರಿಸಿದೆ. ಅಪ್ಪ ಬಂದು ಕೀಲಿ ತಿರುವಿದಾಗ ಗಾಡಿ ಕೆಮ್ಮಿತು, ಹತ್ತಲಿಲ್ಲ. ದೊಡ್ಡಪ್ಪ ಟವಲ್ ಸಮೇತ ಬಂದ. ನಾನು ರಾಯಭಾರಕ್ಕೆ ಸಿದ್ಧಳಾದೆ. ಅವನು ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಬಂದ. ಬಾನೆಟ್ ಎತ್ತಿ, ವೈರು ಕೂಡಿಸಿ, ನಟ್ಟನ್ನು ಬೆರಳಲ್ಲೇ ತಿರುವಿ ಬಿಗಿದ.

“ನೀನ ಹೇಳಿದ್ದಿಯಲ್ಲವ್ವಾ, ನೂಕಾಕ ಮೊದಲ ನಟ್ಟು ನೋಡ್ರಿ ಅಂತ.” ಆಮೇಲೆ ದನಿ ತಗ್ಗಿಸಿ, ಟವಲ್ ನನ್ನ ಕೈಗಿತ್ತ. “ಕೈಯಾಗಿನ ಮಸಿ ಒರಸಿಕೋ. ನಿಮ್ಮಪ್ಪ ನೋಡ್ಯಾನು.”

ಆ ಟವಲ್ ಈಗ ಒಗೆದು ಮಡಚಿ ನಮ್ಮ ಮನೆಯಲ್ಲಿದೆ. ಅದನ್ನು ನೀನೇ ಹೋಗಿ ಕೊಟ್ಟು ಬಾ ಎಂದು ಮೊನ್ನೆ ಅಪ್ಪನಿಗೆ ಮೂರು ಕಾರಣ ಕೊಟ್ಟು ವಾದಿಸಿದೆ. ಅಪ್ಪ ಕೊನೆಯವರೆಗೂ ಕೇಳಿದ. “ಚಲೋ ಮಾತಾಡ್ತಿ” ಎಂದು ಲಾರಿ ಹತ್ತಿ ಕೀಲಿ ತಿರುವಿದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು.