ಆಷಾಢದಲ್ಲಿ ಕಲಿತ ರ್ಯಾಕು

ಆಷಾಢದ ಮೊದಲ ವಾರದ ಒಂದು ಮಧ್ಯಾಹ್ನ, ಊಟ ಮುಗಿದು ಕಣ್ಣು ಎಳೆಯುವ ಹೊತ್ತಿನಲ್ಲಿ, ತಿಪ್ಪೇಸ್ವಾಮಿ ತಾನು ಮಾಡಿದ ಕರೆಂಟಿನ ಕಬ್ಬಿಣದ ರ್ಯಾಕಿಗೆ ಕುಂಕುಮ ಹಚ್ಚಿದ. ನನ್ನ ತಮ್ಮನ ಮಗ ಕೊಟ್ರೇಶನದು ದಾವಣಗೆರೆಯಲ್ಲಿ ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ. ತಿಪ್ಪೇಸ್ವಾಮಿ ಅವನ ಹೆಂಡತಿಯ ತಮ್ಮ. ಓದಿದವನು, ಅದಕ್ಕೇ ಯಾರೂ ತಡೆಯಲಿಲ್ಲ.

“ಭಾವ, ಇದು ಎರಡು ಟನ್ ಹೊರ್ತತಿ. ಯೋಚ್ನೇನೂ ಮಾಡ್ತತಿ. ದಿನಾ ಬೇಕಾಗೋದನ್ನ ಬಾಗ್ಲಿಗೆ ಇಟ್ಕೊಂತತಿ, ಯಾರೂ ಮುಟ್ಟದ್ದನ್ನ ಒತ್ತೊತ್ತಿ ಹಿಂದಕ್ಕೆ ಜೋಡಿಸ್ತತಿ. ಅರ್ಧ ಗೋಡೌನು ಖಾಲಿ ಆಗ್ತತಿ.”

“ಏನ್ ಬೇಕು ಅಂತ ಅದಕ್ಕೆ ಹೆಂಗ್ ಗೊತ್ತಾಗ್ತತಲೇ?”

“ಒಂದು ತಿಂಗಳು ನಮ್ಮನ್ನ ನೋಡ್ಕೊಂತ ಕಲೀತತಿ.”

ಕಲಿಯಿತು. ಮದುವೆಯಿಲ್ಲದ ತಿಂಗಳಲ್ಲಿ ಕೊಪ್ಪರಿಗೆಯನ್ನು ಯಾರು ಮುಟ್ಟುತ್ತಾರೆ? ನಮ್ಮವರು ಮುಟ್ಟಿದ್ದು ಇಸ್ಪೀಟು, ಚಹಾದ ಥರ್ಮಾಸು, ಕೊಟ್ರೇಶನ ತಲೆದಿಂಬು.

ಶ್ರಾವಣದ ಮೊದಲ ಮದುವೆ ಹರಿಹರದ ಬಸವನಗೌಡರದು. ಅವರ ಮನೆಯ ಎಲ್ಲ ಮದುವೆಗೂ ನಮ್ಮ ಪಾತ್ರೆಯೇ ಹೋಗುತ್ತಿತ್ತು. ಈ ಸಲ ತಪ್ಪಿದರೆ ಆ ಮನೆತನ ಎದುರಂಗಡಿ ಖಾಸಿಂ ಸಾಬರ ಪಾಲು. ಗೌಡರು ಲಾರಿ ತಂದು ನಿಂತರು. ಕೊಟ್ರೇಶ ರ್ಯಾಕಿನ ಗುಂಡಿ ಒತ್ತಿದ. ರ್ಯಾಕು ಥರ್ಮಾಸು ಕೊಟ್ಟಿತು. ಮತ್ತೆ ಒತ್ತಿದ. ತಲೆದಿಂಬು ಬಂತು.

“ಅಡಿಗಿ ಇದರಾಗೆ ಮಾಡ್ಬೇಕೇನು?” ಗೌಡರು ಕೇಳಿದರು.

ಕೊಪ್ಪರಿಗೆಗಳು ಹಿಂದಿನ ಗೋಡೆಗೆ ಅಂಟಿ ಕೂತಿದ್ದವು. ಮೇನ್ ಸ್ವಿಚ್ಚು ಅವುಗಳ ಹಿಂದೆ. ಬಿಡಿಸಲೆಂದು ತಿಪ್ಪೇಸ್ವಾಮಿ ರ್ಯಾಕಿನೊಳಗೆ ಹತ್ತಿದ. ಅದು ಅವನನ್ನೂ ಸಾಮಾನೆಂದು ಹಿಡಿದು ಹಿಂದಕ್ಕೆ ಒತ್ತತೊಡಗಿತು.

“ಲೇ, ಅಲ್ಲಾಡ್ಬ್ಯಾಡ.”

“ಸುಮ್ನಿದ್ರೆ ಗ್ವಾಡಿಗೆ ಜೋಡಿಸ್ತತಿ ಭಾವ!” ಎಂದು ಅವನು ಕೈಕಾಲು ಬಡಿದ.

ಅಷ್ಟು ಅಲ್ಲಾಡುವ ಸಾಮಾನನ್ನು ರ್ಯಾಕು ಕಂಡಿರಲಿಲ್ಲ. ಬಹಳ ಬೇಡಿಕೆಯದೆಂದು ತಿಳಿದು ಬಾಗಿಲಿಗೇ ತಂದಿಟ್ಟುಕೊಂಡಿತು. ಗುಂಡಿ ಒತ್ತಿದಾಗಲೆಲ್ಲ ಅವನನ್ನು ಗೌಡರ ಮೂಗಿನವರೆಗೆ ಚಾಚುತ್ತಿತ್ತು. ಕೈಬಿಡಲು ಮನಸ್ಸು ಬಾರದೆಯೋ ಏನೋ, ಮತ್ತೆ ಒಳಗೆಳೆದುಕೊಳ್ಳುತ್ತಿತ್ತು.

“ಇದು ಬ್ಯಾಡ ಕೊಟ್ರೇಶಪ್ಪ,” ಗೌಡರು ಸಮಾಧಾನದಿಂದಲೇ ಹೇಳಿದರು, “ಅನ್ನದ ಕೊಪ್ಪರಿಗಿ ಇದ್ರೆ ಕೊಡು.”

ಕಂಬದಲ್ಲೇ ಕರೆಂಟು ತೆಗೆಸಿ ಅವನನ್ನು ಇಳಿಸುವಷ್ಟರಲ್ಲಿ ಗೌಡರ ಲಾರಿ ಖಾಸಿಂ ಸಾಬರಲ್ಲಿ ತುಂಬಿಕೊಂಡು ಹೊರಟಿತ್ತು. ಗೌಡರು ಮತ್ತೆ ನಮ್ಮ ಕಡೆ ಬರಲಿಲ್ಲ. ಕೊಪ್ಪರಿಗೆಗಳನ್ನು ಹಾರೆ ಹಾಕಿ ಕಿತ್ತು ಮೊದಲಿನಂತೆ ನೆಲದ ಮೇಲೆ ಹರಡಿದೆವು.

ಕರೆಂಟು ಬಂದಾಗಿನಿಂದ ರ್ಯಾಕು ಬಾಗಿಲ ಬಳಿ ತಿಪ್ಪೇಸ್ವಾಮಿಯನ್ನು ಇಟ್ಟುಕೊಂಡಿದ್ದ ಜಾಗದಲ್ಲಿ ಬೇರೇನನ್ನೂ ಇಡಗೊಡುವುದಿಲ್ಲ. ತಿಪ್ಪೇಸ್ವಾಮಿ ನಾಗರಪಂಚಮಿಯ ದಿನ, ಹಬ್ಬದ ಉಂಡಿ ತಿನ್ನಲೂ ನಿಲ್ಲದೆ, ಊರಿಗೆ ಹೋದ. ಗೋಡೌನಿನಲ್ಲಿ ಖಾಲಿಯಾದ ಜಾಗ ಅವನದೊಂದೇ.