ಹುಲ್ಲಿಗೆ ಕಾವಲು ಕೂತ ಅಳಿಯ

"ತೆನೆ ಬಂದು ಬಲೀಲಿ, ಆಮೇಲೆ ತನ್ನಿ. ಹೆಸರು ಹೇಳ್ತೀನಿ" ಎಂದು ತೋಟಗಾರಿಕೆ ಅಧಿಕಾರಿ ಅಂದದ್ದೇ ಎಲ್ಲ ಅನರ್ಥಕ್ಕೂ ಮೂಲ.

ನಮ್ಮ ಗಡಿಯಾರ ರಿಪೇರಿಯವನಿಗೆ ಮಾವ ತಮ್ಮ ಹನ್ನೆರಡು ದಾಳಿಂಬೆ ಸಸಿ ಒಪ್ಪಿಸಿ ಪರವೂರಿಗೆ ಹೋಗಿದ್ದರು. ಸಾಲಿನ ನಡುವೆ ಹುಲ್ಲು ಎದ್ದಿತು. ಬೇರೆಯವರಾಗಿದ್ದರೆ ಕಿತ್ತೆಸೆಯುತ್ತಿದ್ದರು. ಇವನೋ, ಕಾರಣ ತಿಳಿಯದೆ ಸ್ಕ್ರೂ ಮುಟ್ಟುವವರ ಪೈಕಿಯಲ್ಲ. ಯಾವ ಹುಲ್ಲೆಂದು ಗೊತ್ತಿಲ್ಲದೆ ಔಷಧಿ ಹೊಡೆದು ಸಸಿಯೇ ಸತ್ತರೆ ಮಾವನಿಗೆ ಯಾವ ಮುಖ ತೋರಿಸುವುದು? ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಲೆಯ ಬುಡವನ್ನೆಲ್ಲ ಜಾಲಾಡಿದ್ದ. ಗಡಿಯಾರದಷ್ಟು ಸುಲಭವಾಗಿ ಹುಲ್ಲು ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಎಲೆ ಕಿತ್ತು ಅಧಿಕಾರಿಯ ಬಳಿ ಒಯ್ದಾಗ ಸಿಕ್ಕಿದ್ದೇ ಆ ತೆನೆಯ ಮಾತು.

ಇವತ್ತು ಸಂಜೆ ಮಾವ ಬರುವವರು. ಹುಲ್ಲು ಸಸಿಗಳ ಕುತ್ತಿಗೆ ಮುಟ್ಟಿತ್ತು. ತೆನೆ ನೋಡಲು ಇನ್ನೂ ಅರೆಹಸಿರು. ಇವನು ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ಕಾವಲು ಕೂತ.

ಹೆಂಡತಿ ಕುಡುಗೋಲು ಹಿಡಿದು ಬಂದಳು. "ಸರೀರಿ ಆಚೆ. ಅಪ್ಪ ಈ ಕಾಡು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಮುಟ್ಬೇಡ ಕಣೇ! ಹೆಸರೇ ಗೊತ್ತಾಗಿಲ್ಲ."

"ಕೀಳೋಕೆ ಹೆಸರು ಯಾಕ್ರೀ? ಕರೆದ್ರೆ ಎದ್ದು ಬರುತ್ತಾ?"

ಬೇಲಿಯಾಚೆಯಿಂದ ಪಕ್ಕದ ಮನೆಯ ಬಸ್ ಕಂಡಕ್ಟರ್ ಇಣುಕಿದ. "ಸಾರ್, ನಮ್ಮ ಮೇಕೆ ಬಿಡ್ಲಾ? ಅದು ಹೆಸರು ಗಿಸರು ಕೇಳಲ್ಲ."

"ಬೇಡಪ್ಪಾ!" ಅನ್ನುವಷ್ಟರಲ್ಲಿ ಮೇಕೆ ಬೇಲಿ ಹಾರಿತ್ತು. ಅದನ್ನು ಅಟ್ಟಲು ಹೋಗಿ ಇವನು ಹುಲ್ಲಿನಲ್ಲೇ ಉದ್ದಕ್ಕೆ ಬಿದ್ದ. ಎದ್ದಾಗ ಮೈಯೆಲ್ಲ ಬೀಜ ಕಚ್ಚಿಕೊಂಡು ಮುಳ್ಳುಹಂದಿಯ ಸೋದರಳಿಯನಂತಿದ್ದ. ಆದರೇನು, ತೆನೆ ಬಲಿತಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದು ತೆನೆ ಮುರಿದುಕೊಂಡು ಕಚೇರಿಗೆ ಓಡಿದ.

ಅಧಿಕಾರಿ ನೋಡಿದೊಡನೆ ನಕ್ಕರು. "ಅಂಟು ಹುಲ್ಲು! ಪುಣ್ಯವಂತರು ಕಣ್ರೀ. ಇದು ಬೇರಿಂದ ಹಬ್ಬಲ್ಲ, ಬೀಜದಿಂದ ಮಾತ್ರ. ಔಷಧೀನೂ ಬೇಡ. ತೆನೆ ಬರೋಕೆ ಮುಂಚೆ ಕೈಯಲ್ಲಿ ಕಿತ್ತುಬಿಟ್ರೆ ಮುಗೀತು."

"ತೆನೆ... ಬಲಿತ ಮೇಲೆ?"

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. "ಅಲ್ಲೇ ನಿಂತ್ಕೊಳ್ಳಿ ಸ್ವಾಮಿ. ಒಳಗೆ ನಮ್ಮ ಸಸಿಗಳಿವೆ."

ಮನೆಗೆ ಬಂದರೆ ಮಾವ ಆಗಲೇ ಸಾಲಿನ ನಡುವೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನಿದು ಅಳಿಯಂದ್ರೇ?"

ಇಡೀ ದಿನದಲ್ಲಿ ತಾನು ಸಂಪಾದಿಸಿದ ಒಂದೇ ಒಂದು ವಿದ್ಯೆಯನ್ನು ಅಳಿಯ ಎದೆಯುಬ್ಬಿಸಿ ಒಪ್ಪಿಸಿದ. "ಅಂಟು ಹುಲ್ಲು, ಮಾವ!"

"ಅದು ನಂಗೆ ಚಿಕ್ಕಂದಿನಿಂದ ಗೊತ್ತು. ಒಂದು ಫೋನ್ ಮಾಡಿದ್ರೆ ಹೇಳ್ತಿದ್ದೆ." ಮಾವ ಬಗ್ಗಿ ನೆಲದ ಮೇಲೆ ಉದುರಿದ್ದ ಬೀಜವನ್ನು ಒಂದು ಹಿಡಿ ಎತ್ತಿ ತೋರಿಸಿದರು. "ಇನ್ನು ಮೂರು ವರ್ಷ ಇದು ಮೊಳೀತಾನೇ ಇರುತ್ತೆ, ನೀವು ಕೀಳ್ತಾನೇ ಇರ್ತೀರಿ. ಚಿಂತೆ ಮಾಡ್ಬೇಡಿ, ಇಬ್ಬರಿಗೂ ಚೆನ್ನಾಗಿ ಪರಿಚಯ ಆಗುತ್ತೆ."